ರೈಲು ಎಂಬ ಅನಗತ್ಯ ಹಿನ್ನೆಲೆ

ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಬಾಗಿಲಿಗೇ ಬೋರ್ಡು ಹಾಕಿಕೊಂಡಿರುವ ಅಂತರ್ಜಾಲ ವಿಶ್ವಕೋಶದ ಮಾನ್ಯ ನಿರ್ವಾಹಕರೇ,

ನೀವು ಒಂದು ರೈಲನ್ನು ಕತ್ತರಿಸಿ ಬಿಸಾಡಿದ್ದೀರಿ. ಅದರ ಜೊತೆಗೆ ಸ್ಕೂಟರಿನ ಮೇಲಿದ್ದ ಒಬ್ಬ ಗಂಡಸನ್ನೂ ಬಿಸಾಡಿದ್ದೀರಿ. ಉಳಿದದ್ದು ಬಾಯಿ ಅಗಲಿಸಿ, ಕಣ್ಣು ಕೆಕ್ಕರಿಸಿ, ಕೈ ಎತ್ತಿ ಕೂಗುತ್ತಿರುವ ಒಬ್ಬಳು ಹೆಂಗಸು. ಅವಳನ್ನು ಎತ್ತಿಕೊಂಡು ಹೋಗಿ 'ಗಯ್ಯಾಳಿ' ಎಂಬ ಲೇಖನದ ನೆತ್ತಿಯ ಮೇಲೆ ಕೂರಿಸಿ, ಕೆಳಗೆ 'ಜಗಳದಲ್ಲಿ ನಿರತಳಾಗಿರುವ ಗಯ್ಯಾಳಿ ಮಹಿಳೆ' ಎಂದು ಬರೆದಿದ್ದೀರಿ. ಆ ಹೆಂಗಸು ನನ್ನ ಒಡಹುಟ್ಟಿದ ಅಕ್ಕ. ಅವಳು ಯಾರ ಹತ್ತಿರವೂ ಜಗಳ ಆಡುತ್ತಿರಲಿಲ್ಲ. ಅವಳು ರೈಲ್ವೆ ಗೇಟು ಕಾಯುವವಳು. ಗೇಟು ಹಾಕಿದ ಮೇಲೂ ಅಡಿಯಿಂದ ನುಗ್ಗಿದ ಒಬ್ಬ ಮನುಷ್ಯ ರೈಲಿಗೆ ಸಿಕ್ಕಿ ಸಾಯದ ಹಾಗೆ ನೋಡಿಕೊಳ್ಳುತ್ತಿದ್ದಳು. ಸಂಬಳ ಕೊಡುವುದು ಅದಕ್ಕೇ.

ಇದನ್ನು ಮನವಿ ಪತ್ರ ಎಂದುಕೊಂಡು ಮೀಸೆ ತಿರುವಬೇಡಿ. ಮನವಿಗಳನ್ನೆಲ್ಲ ನಿಮ್ಮ ಚರ್ಚಾ ಪುಟದಲ್ಲಿ ಬರೆದು ಮುಗಿಸಿದ್ದೇನೆ, ನೀವು ಅಳಿಸಿ ಮುಗಿಸಿದ್ದೀರಿ. ಇದು ಸೇಡಿನ ಪತ್ರ. ಹಾಗೆಂದು ಮೊದಲೇ ಹೇಳಿಬಿಡುವುದು ಮರ್ಯಾದೆ, ಮತ್ತು ಮರ್ಯಾದೆಯ ಬಗ್ಗೆ ನಿಮ್ಮಲ್ಲಿ ಎಷ್ಟೊಂದು ಉದ್ದುದ್ದದ ಪುಟಗಳಿವೆ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು.

ವಿಷಯ ತಿಳಿದದ್ದು ಅಕ್ಕನ ಮಗಳಿಂದ. ತರಗತಿಯಲ್ಲಿ ಯಾವುದೋ ಜನಪದ ಕಥೆಯ ಪಾಠ ನಡೆಯುತ್ತಿತ್ತಂತೆ. ಗಯ್ಯಾಳಿ ಎಂದರೆ ಯಾರು ಎಂದು ಒಂದು ಮಗು ಕೇಳಿತು. ಟೀಚರು, ಪಾಪ, ಅವರ ತಪ್ಪೇನು, ಪದ ಹುಡುಕಿ ಪರದೆಯ ಮೇಲೆ ತೋರಿಸಿದರು. ಗೋಡೆಯಗಲ ನಮ್ಮಕ್ಕ ಬಂದು ನಿಂತಳು. ಆ ಶಾಲೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಗೇಟು ದಾಟಿಯೇ ಬರುವವರು, ಗುರುತು ಹಿಡಿಯುವುದಕ್ಕೆ ಎಷ್ಟು ಹೊತ್ತು ಬೇಕು? ಹುಡುಗಿ ಸಂಜೆ ಮನೆಗೆ ಹೋಗಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದು, ಬೆನ್ನಿನ ಚೀಲ ಕೂಡ ಇಳಿಸದೆ ಕೇಳಿದಳು:

"ಮಾಮಾ, ಅಮ್ಮನ ಫೋಟೋ ಅಲ್ಲಿಂದ ತೆಗೆಸ್ತೀಯಾ? ನೀನು ಫೋಟೋದವನಲ್ವಾ?"

ಹೌದು ಸ್ವಾಮಿ, ನಾನು ಫೋಟೋದವನು. ಗೇಟಿನ ಪಕ್ಕದಲ್ಲೇ ನನ್ನ ಅಂಗಡಿ. ಅರ್ಜಿಗೆ ಅಂಟಿಸುವ ಸಣ್ಣ ಫೋಟೋ ತೆಗೆಯುತ್ತೇನೆ, ದೊಡ್ಡ ಫೋಟೋಗಳಿಗೆ ಕಟ್ಟು ಹಾಕಿ ಕೊಡುತ್ತೇನೆ. ಕತ್ತರಿಸುವುದು ನನ್ನ ಹೊಟ್ಟೆಪಾಡು. ಆದ್ದರಿಂದ ಕತ್ತರಿ ಹಿಡಿದವನ ಕಷ್ಟ ನನಗೆ ಗೊತ್ತು. ಒಮ್ಮೆ ಒಬ್ಬರು ಮದುವೆಯ ಗುಂಪಿನ ಫೋಟೋ ತಂದು ತಮ್ಮ ಷಡ್ಡಕನ ಮುಖದ ಮೇಲೆ ಬೆರಳಿಟ್ಟು, "ಇವನೊಬ್ಬನ್ನ ತೆಗೆದ್ಬಿಡಿ, ಇವನ ಮುಖ ನೋಡಿದ್ರೆ ಊಟ ಸೇರಲ್ಲ" ಎಂದರು. ತೆಗೆದೆ. ಆದರೆ ಷಡ್ಡಕ ಇವರ ಹೆಗಲ ಮೇಲೆ ಕೈ ಹಾಕಿದ್ದ, ಆ ಕೈಯನ್ನು ತೆಗೆಯಬೇಕಾದರೆ ಇವರ ಹೆಗಲನ್ನೂ ತೆಗೆಯಬೇಕಾಗಿತ್ತು. ಈಗಲೂ ಅವರ ಮನೆಯ ಗೋಡೆಯ ಮೇಲೆ ಅವರು ಯಾರದೋ ಕೈಯನ್ನು ಹೆಗಲ ಮೇಲೆ ಹೊತ್ತುಕೊಂಡು ಹಲ್ಲು ಕಿರಿಯುತ್ತಿದ್ದಾರೆ. ಬಂದ ನೆಂಟರೆಲ್ಲ ಆ ಕೈ ಯಾರದು ಎಂದೇ ಕೇಳುತ್ತಾರಂತೆ.

ಹಾಗೆಯೇ ನಿಮ್ಮ ಚಿತ್ರದಲ್ಲೂ ಒಂದು ಕೈ ಉಳಿದಿತ್ತು. ಅಕ್ಕನ ಮೊಣಕೈ ಪಕ್ಕದಲ್ಲಿ, ಚಿತ್ರದ ಅಂಚಿಗೆ ಅಂಟಿಕೊಂಡ ಹಾಗೆ, ಸ್ಕೂಟರಿನ ಒಂದು ಗುಂಡು ಕನ್ನಡಿ. ನೋಡಿದ ತಕ್ಷಣ ಇದು ಕತ್ತರಿ ಬಿದ್ದ ಫೋಟೋ ಎಂದು ತಿಳಿಯಿತು. ಆದರೆ ಕತ್ತರಿ ಯಾರದು ಎಂದು ಆಗ ತಿಳಿದಿರಲಿಲ್ಲ. ಮೊದಲು ಚಿತ್ರ ತೆಗೆಸಿದರೆ ಸಾಕು ಎಂದುಕೊಂಡೆ, ಯಾರು ಬೇಕಾದರೂ ತಿದ್ದಬಹುದು ಎಂಬ ನಿಮ್ಮ ಬೋರ್ಡನ್ನು ನಂಬಿ ಖಾತೆ ತೆರೆದು ಚಿತ್ರವನ್ನು ತೆಗೆದುಹಾಕಿದೆ.

ಟೀ ಕುಡಿದು ಬರುವಷ್ಟರಲ್ಲಿ ಅಕ್ಕ ಮತ್ತೆ ಅಲ್ಲೇ ಕೂತಿದ್ದಳು. 'ಕಾರಣ ನೀಡದೆ ವಿಷಯ ಅಳಿಸಲಾಗಿದೆ, ರದ್ದುಪಡಿಸಲಾಗಿದೆ' ಎಂದು ಷರಾ ಬರೆದಿದ್ದಿರಿ. ಸರಿ, ನನ್ನದೇ ತಪ್ಪು, ಕಾರಣ ಹೇಳಬೇಕಿತ್ತು ಎಂದು ಮತ್ತೆ ತೆಗೆದು 'ಇವರು ನನ್ನ ಅಕ್ಕ' ಎಂದು ಬರೆದೆ. ನೀವು ಅದನ್ನೂ ರದ್ದು ಮಾಡಿ, ಸಂಬಂಧಿಕರು ಸಂಬಂಧಿಕರ ಬಗ್ಗೆ ತಿದ್ದುವುದು ಹಿತಾಸಕ್ತಿಯ ಸಂಘರ್ಷ ಎಂದಿರಿ. ಅಂದರೆ ಅಕ್ಕನ ಮಾನ ಕಾಯುವ ಅರ್ಹತೆ ಊರಲ್ಲಿ ಯಾರಿಗೆ ಬೇಕಾದರೂ ಇದೆ, ತಮ್ಮನಿಗೆ ಮಾತ್ರ ಇಲ್ಲ. ಆಮೇಲೆ ಚರ್ಚಾ ಪುಟಕ್ಕೆ ಬಂದು, ನಮ್ಮಕ್ಕ ಗಯ್ಯಾಳಿ ಅಲ್ಲ ಎಂದೆ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: 'ಈ ಹೇಳಿಕೆಗೆ ನಂಬಲರ್ಹ ಮೂಲದ ಉಲ್ಲೇಖ ಒದಗಿಸಿ.'

ಅಕ್ಕ ಗಯ್ಯಾಳಿ ಅಲ್ಲ ಎನ್ನುವುದಕ್ಕೆ ಉಲ್ಲೇಖ! ಎಲ್ಲಿಂದ ತರಲಿ ಸ್ವಾಮಿ? ಪ್ರಪಂಚದಲ್ಲಿ ಯಾವ ಪತ್ರಿಕೆ 'ಇಂದು ಇಂಥವರ ಅಕ್ಕ ಗಯ್ಯಾಳಿಯಾಗಿರಲಿಲ್ಲ' ಎಂದು ಸುದ್ದಿ ಹಾಕುತ್ತದೆ? ಅವಳು ಗಯ್ಯಾಳಿ ಎನ್ನುವುದಕ್ಕೆ ನೀವು ಯಾವ ಉಲ್ಲೇಖ ಕೊಟ್ಟಿದ್ದಿರಿ? ತೆರೆದ ಬಾಯೇ ಉಲ್ಲೇಖವಾದರೆ ಹಲ್ಲಿನ ಡಾಕ್ಟರ ಮುಂದೆ ಕೂತವರೆಲ್ಲ ಗಯ್ಯಾಳಿಗಳೇ. ಇದನ್ನೇ ಸ್ವಲ್ಪ ಖಾರವಾಗಿ ಬರೆದೆ. ಚಿತ್ರವನ್ನು ಇನ್ನೊಮ್ಮೆ ತೆಗೆದೆ. 'ಸಂಪಾದನಾ ಸಮರ' ಎಂದು ಹೆಸರಿಟ್ಟು ನನ್ನ ಖಾತೆಯನ್ನು ತಡೆಹಿಡಿದಿರಿ. ಬಾಗಿಲು ಹಾಕುವಾಗ, ಸಹ ಸಂಪಾದಕರಲ್ಲಿ ಸದುದ್ದೇಶವಿದೆ ಎಂದೇ ಭಾವಿಸಬೇಕು ಎಂಬ ನಿಮ್ಮ ಶಿಷ್ಟಾಚಾರದ ಪುಟಕ್ಕೆ ಕೊಂಡಿಯನ್ನೂ ಅಂಟಿಸಿದ್ದಿರಿ. ಹೊಡೆಯುವುದೂ ನೀವೇ, ಅಳಬಾರದು ಎಂದು ಬುದ್ಧಿ ಹೇಳುವುದೂ ನೀವೇ.

ಖಾತೆ ಹೋದರೂ ಓದುವುದಕ್ಕೆ ಅಡ್ಡಿಯಿಲ್ಲವಲ್ಲ. ಓದಿದೆ. ನಿಮ್ಮ ನಿಯಮಗಳಷ್ಟನ್ನೂ ಓದಿದೆ. ಪರೀಕ್ಷೆಗೆ ಇಷ್ಟು ಓದಿದ್ದರೆ ನಾನು ಇವತ್ತು ಕಟ್ಟು ಹಾಕುವ ಅಂಗಡಿಯಲ್ಲಿ ಇರುತ್ತಿರಲಿಲ್ಲ. ಚಿತ್ರದ ಮೇಲೆ ಒತ್ತಿದರೆ ಅದರ ಇತಿಹಾಸ ತೆರೆದುಕೊಳ್ಳುತ್ತದೆ ಎಂದು ಆಗ ಗೊತ್ತಾಯಿತು. ಕೆಳಗಡೆ ಮೂಲ ಚಿತ್ರ ಇತ್ತು. ಎಡಕ್ಕೆ ಮುಂಗಾಲು ಎತ್ತಿದ ಕುದುರೆಯ ಹಾಗೆ ನುಗ್ಗಿ ಬರುತ್ತಿರುವ ರೈಲು, ಮಧ್ಯೆ ಹಳಿಗೆ ಅಡ್ಡಲಾಗಿ ಸ್ಕೂಟರ್ ಮೇಲೆ ಒಬ್ಬ ಮನುಷ್ಯ, ಬಲಕ್ಕೆ ಕೆಂಪು ಬಾವುಟ ಹಿಡಿದು ಕೂಗುತ್ತಿರುವ ನಮ್ಮಕ್ಕ. ಅದರ ಮೇಲೆ ಇನ್ನೊಂದು ಆವೃತ್ತಿ, ಅದರಲ್ಲಿ ಬರೀ ನಮ್ಮಕ್ಕ. ಬಾವುಟ ಕೂಡ ಇಲ್ಲ. ಪಕ್ಕದಲ್ಲಿ ನಿಮ್ಮ ಬಳಕೆದಾರ ಹೆಸರು, ನಿಮ್ಮ ಷರಾ: 'ಅನಗತ್ಯ ಹಿನ್ನೆಲೆ ತೆಗೆಯಲಾಗಿದೆ.'

ಅನಗತ್ಯ ಹಿನ್ನೆಲೆ! ಮಾನ್ಯರೇ, ಆ ರೈಲಿಗೆ ನಿಮ್ಮ ಅಭಿಪ್ರಾಯ ಗೊತ್ತಿದ್ದರೆ ಅದು ಅಲ್ಲೇ ನಾಚಿಕೊಂಡು ನಿಂತುಬಿಡುತ್ತಿತ್ತೋ ಏನೋ.

ಫೋಟೋ ತೆಗೆದವರು ನಿವೃತ್ತ ಗ್ರಂಥಪಾಲಕರು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಊರೆಲ್ಲ ಸುತ್ತುತ್ತಾರೆ, ಪ್ರಿಂಟಿಗೆ ನನ್ನ ಅಂಗಡಿಗೇ ಬರುತ್ತಾರೆ. ಹಿಡಿದು ಕೇಳಿದೆ. ಮುಖ ಸಣ್ಣದು ಮಾಡಿಕೊಂಡು, "ಅಯ್ಯೋ, ನಾನು ಹಾಕಿದ್ದು 'ರೈಲ್ವೆ ಗೇಟ್' ಅನ್ನೋ ಲೇಖನಕ್ಕಪ್ಪಾ. ಎಲ್ಲರೂ ಬಳಸ್ಕೊಳ್ಳಿ ಅಂತ ಮುಕ್ತವಾಗಿ ಬಿಟ್ಟಿದ್ದೆ. ಅದನ್ನ ಅವರು ಎಲ್ಲಿಗೋ ತಗೊಂಡು ಹೋಗ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದರು. ಅವರು ಚಿತ್ರ ಸೇರಿಸುವಾಗ ನಿಮ್ಮ ಪುಟ ಒಂದು ಪ್ರಶ್ನೆ ಕೇಳಿತ್ತಂತೆ, ಇದು ಯಾರ ಕೃತಿ ಎಂದು. ಅವರು 'ಸ್ವಂತ ಕೃತಿ' ಎಂದು ಗುರುತು ಹಾಕಿದ್ದಾರೆ. ಸರಿಯೇ, ಫೋಟೋ ಅವರ ಸ್ವಂತ ಕೃತಿ. ಆದರೆ ನಮ್ಮಕ್ಕನ ಮುಖ ನಮ್ಮಮ್ಮನ ಸ್ವಂತ ಕೃತಿ, ಮತ್ತು ಆಯಮ್ಮ ಅದನ್ನು ಯಾವ ಷರತ್ತಿನ ಮೇಲೂ ಯಾರಿಗೂ ಮುಕ್ತವಾಗಿ ಬಿಟ್ಟಿರಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ತೆಗೆದ ಚಿತ್ರಕ್ಕೆ ಒಪ್ಪಿಗೆ ಬೇಕಿಲ್ಲ ಎಂದು ನೀವು ಹೇಳುತ್ತೀರಿ. ಗೇಟು ಸಾರ್ವಜನಿಕ ಸ್ಥಳ, ಒಪ್ಪಿದೆ. ಅಕ್ಕನೂ ಸಾರ್ವಜನಿಕ ಸ್ಥಳವೇ? ನಿಮ್ಮ ಸ್ವಂತ ಬಳಕೆದಾರ ಪುಟದಲ್ಲಿ ನೀವು ಬೆಟ್ಟದ ಕಡೆ ಮುಖ ಮಾಡಿ, ನಮಗೆಲ್ಲ ಬೆನ್ನು ತೋರಿಸಿಕೊಂಡು ನಿಂತಿದ್ದೀರಿ. ಕೆಳಗೆ 'ಖಾಸಗಿತನದ ದೃಷ್ಟಿಯಿಂದ ಮುಖ ತೋರಿಸಿಲ್ಲ' ಎಂದು ಬರೆದುಕೊಂಡಿದ್ದೀರಿ. ನಿಮ್ಮ ಮುಖಕ್ಕೆ ಇರುವ ಖಾಸಗಿತನ ನಮ್ಮಕ್ಕನ ಮುಖಕ್ಕೆ ಯಾಕಿಲ್ಲ ಎಂದು ಹೇಳಿ, ನಂಬಲರ್ಹ ಮೂಲದ ಉಲ್ಲೇಖದ ಸಮೇತ.

ಇನ್ನು ಆ ಸ್ಕೂಟರಿನವರು. ಅವರು ನಮ್ಮ ಪಕ್ಕದ ಬೀದಿಯ ಔಷಧಿ ಅಂಗಡಿಯವರು. ಅವರಿಗೆ ಮೂಲ ಚಿತ್ರ ತೋರಿಸಿದಾಗ ಬೆವರಿಬಿಟ್ಟರು. "ಅವತ್ತು ಈಯಮ್ಮ ಕೂಗದೇ ಇದ್ದಿದ್ರೆ ನನ್ನ ಫೋಟೋಗೆ ನೀವೇ ಕಟ್ಟು ಹಾಕ್ಬೇಕಿತ್ತು ಕಣ್ರೀ" ಎಂದರು. ಅಕ್ಕ ಅವತ್ತು ಅವರಿಗೆ ಏನೆಂದು ಕೂಗಿದ್ದಳು ಎಂಬುದೂ ಅವರಿಗೆ ಅಕ್ಷರಶಃ ನೆನಪಿದೆ: "ಏಯ್! ಮನೇಲಿ ಹೇಳಿ ಬಂದಿದ್ದೀಯೇನೋ ಸಾಯೋಕೆ ಹೋಗ್ತಿದ್ದೀನಿ ಅಂತ?" ಸುಳ್ಳು ಹೇಳುವುದಿಲ್ಲ, ಅಕ್ಕನ ಬಾಯಿ ಜೋರು. ರೈಲು ಮೈಮೇಲೆ ಬರುತ್ತಿರುವವನಿಗೆ 'ಮಹನೀಯರೇ, ದಯಮಾಡಿ ಹಿಂದಕ್ಕೆ ಸರಿಯುವ ಕೃಪೆ ಮಾಡಬೇಕು' ಎಂದು ಹೇಳಿ ಮುಗಿಸುವ ಹೊತ್ತಿಗೆ ಮಹನೀಯರು ಎರಡು ಭಾಗವಾಗಿರುತ್ತಾರೆ.

ಔಷಧಿ ಅಂಗಡಿಯವರು ಆವೇಶ ಬಂದವರ ಹಾಗೆ ಅವತ್ತೇ ನಿಮ್ಮಲ್ಲಿ ಖಾತೆ ತೆರೆದರು. ಬಳಕೆದಾರ ಹೆಸರು ಬೇಕು ಎಂದಾಗ 'ಅನಗತ್ಯ ಹಿನ್ನೆಲೆ' ಎಂದೇ ಕೊಟ್ಟರು. ಚರ್ಚಾ ಪುಟದಲ್ಲಿ ಹೀಗೆ ಬರೆದರು: 'ಈ ಚಿತ್ರದಿಂದ ತೆಗೆಯಲಾದ ಸ್ಕೂಟರಿನ ಮೇಲಿದ್ದವನು ನಾನು. ಬದುಕಿದ್ದೇನೆ. ಅದಕ್ಕೆ ಕಾರಣ ಚಿತ್ರದಲ್ಲಿ ಉಳಿದಿರುವವರು.' ಇದಕ್ಕಿಂತ ನಂಬಲರ್ಹ ಮೂಲ ಇನ್ನೆಲ್ಲಿ ಸಿಗುತ್ತದೆ? ನೀವು ಏನು ಮಾಡಿದಿರಿ? 'ತಡೆಹಿಡಿಯಲಾದ ಬಳಕೆದಾರನ ನಕಲಿ ಖಾತೆ' ಎಂದು ಅವರನ್ನೂ ತಡೆಹಿಡಿದಿರಿ. ಅವರೂ ನಾನೂ ಒಬ್ಬರೇ ಅಂತೆ! ಅವರ ಮೈಕಟ್ಟು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ, ಅವರೊಬ್ಬರಲ್ಲಿ ನನ್ನಂಥವರು ಇಬ್ಬರು ಆಗುತ್ತಾರೆ. ಒಬ್ಬ ಮನುಷ್ಯನನ್ನು ಮೊದಲು ಚಿತ್ರದಿಂದ ತೆಗೆದಿರಿ, ಆಮೇಲೆ ಪುಟದಿಂದ ತೆಗೆದಿರಿ. ರೈಲಿಗೆ ಆಗದೇ ಇದ್ದದ್ದನ್ನು ನೀವು ಎರಡು ಸಲ ಮಾಡಿದಿರಿ.

ಇಷ್ಟೇ ಆಗಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಅಕ್ಕನೇ ಮೊದಲು ನಕ್ಕಿದ್ದಳು. "ಬಿಡೋ, ಗಯ್ಯಾಳಿ ಅಂದ್ರೆ ಮೈಗೇನು ತೂತು ಬೀಳುತ್ತಾ?" ಎಂದಿದ್ದಳು. ಆದರೆ ಆಮೇಲೆ ಗೇಟಿಗೆ ಬರುವವರು ಫೋನು ಹಿಡಿದುಕೊಂಡು ಬರತೊಡಗಿದರು. "ಅಕ್ಕಾ, ಒಂದ್ಸಲ ಆ ಥರ ಕೂಗಿ, ಒಂದು ಫೋಟೋ" ಎನ್ನುವವರು. ಕೂಗದಿದ್ದರೆ ಕೂಗಿಸುವುದು ಹೇಗೆಂದು ಅವರಿಗೆ ಗೊತ್ತು. ರೈಲು ಬರುವಾಗ ಬೇಕೆಂದೇ ಗೇಟಿನ ಅಡಿಯಿಂದ ತಲೆ ಹಾಕುವುದು, ಅವಳು ಬಾಯಿ ತೆರೆದ ತಕ್ಷಣ ಗೆಳೆಯನಿಗೆ, "ತೆಗಿಯೋ, ತೆಗಿಯೋ, ಗಯ್ಯಾಳಿ ಬಂದ್ಳು" ಎನ್ನುವುದು. ಯಾವ ಕೂಗು ಜನರನ್ನು ಹಳಿಯಿಂದ ಓಡಿಸುತ್ತಿತ್ತೋ ಅದೇ ಕೂಗು ಜನರನ್ನು ಹಳಿಗೆ ಕರೆಯತೊಡಗಿತು. ಅದನ್ನು ಅಕ್ಕ ನಮ್ಮೆಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಳು. ಕೂಗುವುದನ್ನು ನಿಲ್ಲಿಸಿದಳು. ಸೀಟಿ ಊದುವುದು, ಬಾವುಟ ಬೀಸುವುದು, ಹತ್ತಿರ ಹೋಗಿ ಮೆಲ್ಲಗೆ ಹೇಳುವುದು. ಮನೆಯಲ್ಲಿಯೂ ಮೆಲ್ಲಗೆ. ನಮ್ಮಮ್ಮ ಅವಳ ಗಂಟಲನ್ನು 'ನಮ್ಮನೆ ಗಂಟೆ' ಎನ್ನುತ್ತಿದ್ದಳು. ಆಡಲು ಹೋದ ನನ್ನನ್ನು ಮೂರು ಬೀದಿ ಆಚೆಯಿಂದ ಕರೆಯುತ್ತಿದ್ದದ್ದು ಆ ಗಂಟಲು. ಈಗ ಅವಳು ಅಡಿಗೆಮನೆಯಲ್ಲಿ ನಿಂತು "ಉಪ್ಪು ಕೊಡೇ" ಎಂದದ್ದು ಪಕ್ಕದಲ್ಲೇ ನಿಂತ ಮಗಳಿಗೆ ಕೇಳುವುದಿಲ್ಲ.

ಹೋದ ವಾರ ಒಬ್ಬಾಕೆ ಚಿಕ್ಕ ಮಗುವಿನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ಮಾತಾಡುತ್ತಾ ಗೇಟಿನ ಅಡಿಯಿಂದ ನುಗ್ಗಿದಳು. ಅಕ್ಕ ಸೀಟಿ ಊದಿದಳು, ಆಕೆ ತಿರುಗಲಿಲ್ಲ. ಕೂಗಬೇಕು ಎಂದು ಅಕ್ಕ ಬಾಯಿ ತೆರೆದಳು. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ ಸ್ವಾಮಿ, ಬಾಯಿ ನಿಮ್ಮ ಚಿತ್ರದಲ್ಲಿ ತೆರೆದ ಹಾಗೆಯೇ ತೆರೆಯಿತು, ಆದರೆ ಸದ್ದು ಬರಲಿಲ್ಲ. ಆಮೇಲೆ ಓಡಿದಳು. ಹೋಗಿ ಇಬ್ಬರನ್ನೂ ಆಚೆಗೆ ದೂಡಿ ತಾನೂ ಜಲ್ಲಿಯ ಮೇಲೆ ಬಿದ್ದಳು. ಮಗುವಿನ ಚೀಲ ರೈಲಿನ ಪಾಲಾಯಿತು, ಮಗು ಉಳಿಯಿತು. ಅಕ್ಕನ ಮಣಿಕಟ್ಟು ಮುರಿಯಿತು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದವಳು ಮೊದಲು ಮಾಡಿದ ಕೆಲಸ ಮೇಲಧಿಕಾರಿಗೆ ಅರ್ಜಿ ಬರೆಸಿದ್ದು: ನನ್ನನ್ನು ಗೇಟಿನಿಂದ ತೆಗೆದು ಉಗ್ರಾಣಕ್ಕೆ ಹಾಕಿ, ಯಾರ ಜೊತೆಯೂ ಮಾತಾಡಬೇಕಾಗಿಲ್ಲದ ಕಡೆ ಹಾಕಿ. ಅರ್ಜಿ ಮೇಜಿನ ಮೇಲಿದೆ, ಮೇಲಧಿಕಾರಿ ಇನ್ನೂ ಸಹಿ ಹಾಕಿಲ್ಲ. ಹಾಕಿದ ದಿನ ಆ ಗೇಟಿಗೆ ಸೀಟಿ ಊದುವ ಇನ್ಯಾರೋ ಬರುತ್ತಾರೆ, ನಮ್ಮಕ್ಕ ಉಗ್ರಾಣದ ಕತ್ತಲೆಯಲ್ಲಿ ಬೋಲ್ಟು ನಟ್ಟುಗಳ ಜೊತೆ ಕೂರುತ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಅಡಿಕೆಯೂ ಇಲ್ಲ, ಚಿತ್ರ ಚೆನ್ನಾಗಿ ಕಾಣಲಿ ಎನ್ನುವ ನಿಮ್ಮ ಚಪಲಕ್ಕೆ ಹೋಯಿತು.

ಈಗ ಸೇಡಿನ ವಿಷಯಕ್ಕೆ ಬರೋಣ. ನಿಮ್ಮ ನಿಯಮ ಓದಿದ್ದೇನೆ ಎಂದೆನಲ್ಲ, ಅದರಲ್ಲಿ ಒಂದು ನನಗೆ ಬಹಳ ಹಿಡಿಸಿತು. ಮುಕ್ತ ಚಿತ್ರವನ್ನು ಯಾರು ಬೇಕಾದರೂ ಪ್ರಿಂಟು ಹಾಕಿಸಬಹುದು, ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿಸಬಹುದು, ಎಲ್ಲಿ ಬೇಕಾದರೂ ತೂಗುಹಾಕಬಹುದು. ಒಂದೇ ಷರತ್ತು, ಚಿತ್ರ ತೆಗೆದವರ ಹೆಸರನ್ನೂ, ಅದನ್ನು ಬದಲಾಯಿಸಿದವರ ಹೆಸರನ್ನೂ, ಏನು ಬದಲಾಯಿಸಿದರು ಎಂಬುದನ್ನೂ ಸ್ಪಷ್ಟವಾಗಿ ತಿಳಿಸಲೇಬೇಕು. ತಿಳಿಸದಿದ್ದರೆ ಅಪರಾಧ. ಅಪರಾಧ ಮಾಡುವವನು ನಾನಲ್ಲ. ನನ್ನ ಅಂಗಡಿಯ ದೊಡ್ಡ ಗಾಜಿನ ಕಿಟಕಿಯಲ್ಲಿ, ಅತ್ಯುತ್ತಮ ಕಟ್ಟು ಹಾಕಿ, ಎರಡು ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದ್ದೇನೆ. ಒಂದು ಇಡಿಯದು, ರೈಲೂ ಸ್ಕೂಟರೂ ಬಾವುಟವೂ ಇರುವುದು. ಇನ್ನೊಂದು ನಿಮ್ಮದು. ನಿಮ್ಮದರ ಕೆಳಗೆ ಬೀದಿಯ ಆ ತುದಿಗೂ ಕಾಣುವ ಅಕ್ಷರದಲ್ಲಿ ನಿಮ್ಮ ಬಳಕೆದಾರ ಹೆಸರು, ಪಕ್ಕದಲ್ಲಿ ನಿಮ್ಮದೇ ಮಾತು, ಒಂದು ಒತ್ತಕ್ಷರವನ್ನೂ ತಿದ್ದದೆ: ಅನಗತ್ಯ ಹಿನ್ನೆಲೆ ತೆಗೆಯಲಾಗಿದೆ. ಈ ಪತ್ರದಲ್ಲಿ ನಿಮ್ಮ ಹೆಸರು ಬರೆದಿಲ್ಲ, ಅದರ ಅಗತ್ಯ ಬೀಳುವುದಿಲ್ಲ. ಗೇಟು ಬಿದ್ದಾಗ ಬಸ್ಸು, ಬೈಕು, ಲಾರಿ, ನಡೆದು ಬಂದವರು ಎಲ್ಲರೂ ನನ್ನ ಕಿಟಕಿಯ ಎದುರೇ ನಿಲ್ಲಬೇಕು, ನಿಂತವರಿಗೆ ಓದುವುದಕ್ಕೆ ಬೇರೆ ಏನೂ ಇಲ್ಲ. ನೀವು ಗೇಟಿನ ಆ ಕಡೆಯ ಮನೆಯವರಂತೆ, ವಿಶ್ವಕೋಶದವರ ಕೂಟದಲ್ಲಿ ನಿಮ್ಮನ್ನು ಕಂಡಿದ್ದ ಗ್ರಂಥಪಾಲಕರು ಹೇಳಿದರು. ನಿಮ್ಮ ಪಕ್ಕದ ಮನೆಯವರು ಮೊನ್ನೆಯೇ ನಿಂತು ಓದಿ, ಫೋಟೋ ತೆಗೆದುಕೊಂಡು ಹೋದರು. ಮಾಡಿದ್ದುಣ್ಣೋ ಮಹರಾಯ.

ಇನ್ನೊಂದು ಉಪಕಾರವನ್ನೂ ಮಾಡುತ್ತಿದ್ದೇನೆ. ನೀವು ಉಲ್ಲೇಖ ಕೇಳಿದ್ದಿರಿ. ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಪತ್ರಿಕೆಯಲ್ಲಿ ಅಚ್ಚಾದದ್ದು ನಂಬಲರ್ಹ ಮೂಲ ಎಂದು ನಿಮ್ಮ ಪುಟದಲ್ಲೇ ಇದೆ. ನಮ್ಮಕ್ಕ ಗಯ್ಯಾಳಿ ಅಲ್ಲ. ತಗೊಳ್ಳಿ, ಉಲ್ಲೇಖ ಬಂತು.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. 'ಗಯ್ಯಾಳಿ' ಪುಟದಿಂದ ಚಿತ್ರ ತೆಗೆಯಿರಿ. ರೈಲನ್ನು ರೈಲಿನ ಜಾಗಕ್ಕೆ, ಔಷಧಿ ಅಂಗಡಿಯವರನ್ನು ಅವರ ಸ್ಕೂಟರಿಗೆ, ಬಾವುಟವನ್ನು ಅಕ್ಕನ ಕೈಗೆ ವಾಪಸು ಕೊಟ್ಟು, ಇಡೀ ಚಿತ್ರವನ್ನು 'ರೈಲ್ವೆ ಗೇಟ್' ಪುಟಕ್ಕೆ ಹಾಕಿ. ಷರಾ ಬರೆಯುವ ಜಾಗದಲ್ಲಿ ನಿಮ್ಮ ಕೈಯಾರೆ 'ಕತ್ತರಿಸಿದ್ದು ನನ್ನ ತಪ್ಪು' ಎಂದು ಬರೆಯಿರಿ. ಆ ಪುಟವನ್ನು ಮೇಲಧಿಕಾರಿ ಸಹಿ ಹಾಕುವ ಮೊದಲು ಅಕ್ಕನಿಗೆ ತೋರಿಸಬೇಕು, ತಡಮಾಡಬೇಡಿ. ಅಲ್ಲಿಯವರೆಗೆ ಕಿಟಕಿಯಿಂದ ಒಂದು ಮೊಳೆಯನ್ನೂ ಕೀಳುವುದಿಲ್ಲ.

ಸೈಕಲ್ ಸವಾರಿ ನಿಮ್ಮ ಹವ್ಯಾಸ ಎಂದು ಬರೆದುಕೊಂಡಿದ್ದೀರಿ. ಅಂದರೆ ದಿನಾ ನಮ್ಮ ಗೇಟು ದಾಟುತ್ತೀರಿ. ಮೊನ್ನೆ ಅಕ್ಕನನ್ನು ಕೇಳಿದೆ, "ಅವನೇ ಏನಾದ್ರೂ ಕಿವಿಗೆ ಹಾಡು ಸಿಕ್ಕಿಸ್ಕೊಂಡು ಗೇಟಿನ ಅಡಿ ನುಗ್ಗಿದ್ರೆ ಏನ್ ಮಾಡ್ತೀಯಾ?"

"ಕೂಗ್ತೀನಿ ಕಣೋ, ಇನ್ನೇನ್ ಮಾಡ್ಲಿ? ರೈಲು ಬರ್ತಿರೋವಾಗ ಮುಖ ನೋಡಿ ಕೂಗೋಕಾಗುತ್ತಾ?" ಎಂದಳು. ಆಮೇಲೆ ಪಟ್ಟಿ ಹಾಕದ ಕೈಯಿಂದ ಗಂಟಲು ಸವರಿಕೊಂಡು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, "ದನಿ ಬಂದ್ರೆ" ಎಂದಳು.

ನಾನಾಗಿದ್ದರೆ ಕೂಗುತ್ತಿರಲಿಲ್ಲ ಸ್ವಾಮಿ. ಗೇಟಿನಲ್ಲಿ ಇರುವುದು ನಾನಲ್ಲ, ಅವಳು, ಅದು ನಿಮ್ಮ ಪುಣ್ಯ. ಅವಳ ಗಂಟಲನ್ನು ವಾಪಸು ಕೊಡಿ. ನನಗೋಸ್ಕರ ಬೇಡ, ನಿಮಗೋಸ್ಕರವೇ ಕೊಡಿ.

ಇಂತಿ,
ನಿಮ್ಮಲ್ಲಿ ತಡೆಹಿಡಿಯಲ್ಪಟ್ಟ, ನಿಮ್ಮ ಕತ್ತರಿಯ ಅಂಚಿನಲ್ಲಿ ಗುಂಡು ಕನ್ನಡಿಯಂತೆ ಉಳಿದುಕೊಂಡಿರುವ,
ಗಯ್ಯಾಳಿಯ ತಮ್ಮ